ತೂಕದಿಂದ ಎಣಿಕೆಗೆ

ಫ್ರಾನ್ಸ್ ದೇಶದ ನೈರುತ್ಯ ಭಾಗದಲ್ಲಿ ಬೆರ್ಜರಾಕ್ ಎಂಬ ಊರಿದೆ. ಹದಿನೇಳನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಬ್ರನ್ ಎಂಬ ಔಷಧ ವ್ಯಾಪಾರಿಯಿದ್ದ. ಒಮ್ಮೆ ಅವನು 2 ಪೌಂಡು 6 ಔನ್ಸು ತವರವನ್ನು ತೆರೆದ ಕಬ್ಬಿಣದ ಪಾತ್ರೆಗೆ ಹಾಕಿ, 6 ಗಂಟೆ ಕಾಲ ಒಂದೇ ಸಮನೆ ಕಾಯಿಸಿದ. ಕೊನೆಗೆ ಉಳಿದದ್ದು ಬಿಳಿಯ ಭಸ್ಮ. ಅಷ್ಟು ಹೊತ್ತು ಬೆಂಕಿಯಲ್ಲಿ ಬೆಂದ ಮೇಲೆ ಸ್ವಲ್ಪವಾದರೂ ತೂಕ ಇಳಿದಿರಬೇಕಲ್ಲ? ತಕ್ಕಡಿಗೆ ಹಾಕಿದರೆ 2 ಪೌಂಡು 13 ಔನ್ಸು ತೂಗಿತು. ಸುಟ್ಟ ತವರ 7 ಔನ್ಸು ಹೆಚ್ಚಾಗಿತ್ತು.

ಇದೇನು ವಿಚಿತ್ರವೆಂದು ಅವನು ಝಾನ್ ರೇ ಎಂಬ ವೈದ್ಯನನ್ನು ಕೇಳಿದ. ರೇ ಈ ಒಂದು ಪ್ರಶ್ನೆಗಾಗಿ 1630ರಲ್ಲಿ ಒಂದು ಚಿಕ್ಕ ಪುಸ್ತಕವನ್ನೇ ಬರೆದ. ಗಾಳಿಗೂ ತೂಕವಿದೆ, ಬಿಸಿಗೆ ಗಟ್ಟಿಯಾದ ಗಾಳಿ ಭಸ್ಮಕ್ಕೆ ಅಂಟಿಕೊಂಡಿದೆ, ಹೆಚ್ಚಿದ್ದು ಅದರ ತೂಕವೇ ಎಂದು ಅವನು ಹೇಳಿದ. ಉತ್ತರ ಸತ್ಯಕ್ಕೆ ಬಹಳ ಹತ್ತಿರವಿತ್ತು. ಆದರೂ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೂವರೆ ಶತಮಾನದಷ್ಟು ಕಾಲ ಆ ಪುಸ್ತಕ ಮೂಲೆ ಹಿಡಿಯಿತು.

ಕಾರಣ ಸರಳ. ವಸ್ತುವಿನ ಸ್ವಭಾವವನ್ನು ಅರಿಯಲು ತಕ್ಕಡಿ ಬೇಕೆಂಬ ಭಾವನೆಯೇ ಆಗ ಇರಲಿಲ್ಲ. ವಸ್ತುವನ್ನು ಜನ ಗುರುತಿಸುತ್ತಿದ್ದದ್ದು ಗುಣದಿಂದ: ಬಿಸಿಯೋ ತಂಪೋ, ಒಣಗಿದ್ದೋ ಒದ್ದೆಯೋ, ಮಿನುಗುತ್ತದೆಯೋ ಇಲ್ಲವೋ. ಗ್ರೀಸಿನ ಎಂಪೆಡಾಕ್ಲಿಸ್ ಮಣ್ಣು, ನೀರು, ಗಾಳಿ, ಬೆಂಕಿ ಎಂಬ ನಾಲ್ಕನ್ನು ಹೇಳಿದ. ಅರಿಸ್ಟಾಟಲ್ ಆ ನಾಲ್ಕಕ್ಕೂ ಗುಣಗಳ ಜೋಡಿ ಹಚ್ಚಿ ಗಟ್ಟಿ ಮಾಡಿದ. ನಮ್ಮಲ್ಲಿ ಪಂಚಭೂತಗಳು. ಪರಮಾಣುವಿನ ಕಲ್ಪನೆಯೂ ಹಳೆಯದೇ. ಗ್ರೀಸಿನಲ್ಲಿ ಲ್ಯೂಸಿಪ್ಪಸ್ ಮತ್ತು ಡೆಮಾಕ್ರಿಟಸ್ ಅದನ್ನು ಹೇಳಿದರೆ, ನಮ್ಮಲ್ಲಿ ಕಣಾದರ ವೈಶೇಷಿಕ ದರ್ಶನ ಹೇಳಿತು. ಎರಡು ಪರಮಾಣು ಸೇರಿ ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ತ್ರ್ಯಣುಕ. ಕಿಟಕಿಯಿಂದ ಬೀಳುವ ಬಿಸಿಲ ಕೋಲಿನಲ್ಲಿ ಆಡುವ ಧೂಳಿನ ಕಣವೇ ಕಣ್ಣಿಗೆ ಕಾಣುವ ಅತಿ ಚಿಕ್ಕದಾದ ಆ ತ್ರ್ಯಣುಕ ಎಂದು ವೈಶೇಷಿಕರು ಎಣಿಸಿದರು. ಇವೆಲ್ಲ ಆಳವಾದ ಚಿಂತನೆಗಳು. ಆದರೆ ಒಬ್ಬನ ಪರಮಾಣು ಸರಿಯೋ ಇನ್ನೊಬ್ಬನ ಪಂಚಭೂತ ಸರಿಯೋ ಎಂದು ತೀರ್ಮಾನಿಸಲು ವಾದವೊಂದನ್ನು ಬಿಟ್ಟರೆ ಬೇರೆ ಉಪಕರಣವಿರಲಿಲ್ಲ.

ರಸವಾದಿಗಳ ಹತ್ತಿರ ಉಪಕರಣಗಳಿದ್ದವು, ಛಲವೂ ಇತ್ತು. ಹ್ಯಾಂಬರ್ಗ್ ನಗರದ ಹೆನ್ನಿಗ್ ಬ್ರಾಂಡ್ 1669ರಲ್ಲಿ ಚಿನ್ನದ ಆಸೆಯಿಂದ ಮನುಷ್ಯರ ಮೂತ್ರವನ್ನು ಕೊಪ್ಪರಿಗೆಗಟ್ಟಲೆ ಕೂಡಿಟ್ಟು, ಕುದಿಸಿ ಇಂಗಿಸಿ, ಉಳಿದ ಗಸಿಯನ್ನು ನಿಗಿನಿಗಿ ಕಾಯಿಸಿದ. ಚಿನ್ನ ಬರಲಿಲ್ಲ. ಕತ್ತಲಲ್ಲಿ ತಾನೇ ಬೆಳಗುವ ಮೇಣದಂಥ ಒಂದು ವಸ್ತು ಬಂತು. ಅದೇ ರಂಜಕ. ಕಂಡುಹಿಡಿದವನ ಹೆಸರು ದಾಖಲೆಯಲ್ಲಿ ಉಳಿದಿರುವ ಮೊತ್ತಮೊದಲ ಮೂಲವಸ್ತು ಇದು. ಇದಕ್ಕೂ ಎಂಟು ವರ್ಷ ಮೊದಲು, 1661ರಲ್ಲಿ, ರಾಬರ್ಟ್ ಬಾಯ್ಲ್ ಹಳೆಯ ನಾಲ್ಕು ಭೂತಗಳನ್ನೂ ರಸವಾದಿಗಳ ಪಾದರಸ, ಗಂಧಕ, ಉಪ್ಪುಗಳನ್ನೂ ಪ್ರಶ್ನಿಸಿ ಪುಸ್ತಕ ಬರೆದಿದ್ದ. ಪ್ರಶ್ನೆ ಚುರುಕಾಗಿತ್ತು. ಆದರೆ ಇಂತಿಂಥವು ಮೂಲವಸ್ತುಗಳೆಂಬ ಪಟ್ಟಿ ಅವನ ಬಳಿಯೂ ಇರಲಿಲ್ಲ.

ಹದಿನೆಂಟನೆಯ ಶತಮಾನವನ್ನು ಆಳಿದ್ದು ಫ್ಲೋಜಿಸ್ಟನ್ ಎಂಬ ಕಲ್ಪನೆ. ಜರ್ಮನಿಯ ಸ್ಟಾಲ್ ಬೆಳೆಸಿದ ಈ ವಾದದಂತೆ, ಉರಿಯಬಲ್ಲ ಪ್ರತಿಯೊಂದು ವಸ್ತುವಿನಲ್ಲೂ ಫ್ಲೋಜಿಸ್ಟನ್ ಇದೆ. ಉರಿದಾಗ ಅದು ಹೊರಗೆ ಹೋಗುತ್ತದೆ. ಇದ್ದಿಲಿನಲ್ಲಿ ಅದು ಹೇರಳವಾಗಿರುವುದರಿಂದ ಲೋಹದ ಭಸ್ಮವನ್ನು ಇದ್ದಿಲಿನ ಜೊತೆ ಕಾಯಿಸಿದರೆ ಲೋಹ ಮರಳಿ ಬರುತ್ತದೆ. ಕುಲುಮೆಯಲ್ಲಿ ಕೆಲಸ ಮಾಡುವವನಿಗೆ ಇದು ಚೆನ್ನಾಗಿ ಒಪ್ಪುವ ಮಾತು. ಒಂದೇ ತೊಡಕು: ಏನೋ ಹೊರಗೆ ಹೋದ ಮೇಲೆ ತವರದ ಭಸ್ಮ ಭಾರವಾಗುವುದು ಹೇಗೆ? ಈ ತೊಡಕನ್ನು ದಾಟಲು ಕೆಲವರು ಫ್ಲೋಜಿಸ್ಟನ್ನಿಗೆ ಸೊನ್ನೆಗಿಂತ ಕಡಿಮೆ ತೂಕವಿದೆ ಎಂದೂ ಹೇಳಿದರು. ಒಳ್ಳೆಯ ವಾದವೊಂದನ್ನು ಉಳಿಸಿಕೊಳ್ಳಲು ತಕ್ಕಡಿಯನ್ನೇ ಸುಳ್ಳು ಮಾಡಲು ಹೊರಟರು.

ತಕ್ಕಡಿಯನ್ನು ನಂಬಿದವನು ಪ್ಯಾರಿಸ್ಸಿನ ಅಂತ್ವಾನ್ ಲವಾಸಿಯೆ. ಅವನು ವೃತ್ತಿಯಿಂದ ರಾಜನ ಪರವಾಗಿ ತೆರಿಗೆ ವಸೂಲು ಮಾಡುವ ಕಂಪನಿಯ ಪಾಲುದಾರ. ಅಂಗಡಿಯ ಜಮಾ ಖರ್ಚಿನ ಪುಸ್ತಕದ ಎರಡು ಬದಿಗಳು ಸರಿದೂಗಬೇಕಾದಂತೆ ಪ್ರಯೋಗದ ಮೊದಲಿನ ತೂಕವೂ ನಂತರದ ತೂಕವೂ ಸರಿದೂಗಲೇಬೇಕೆಂದು ಅವನು ಹಟ ಹಿಡಿದ. ಪಾದರಸದ ಕೆಂಪು ಭಸ್ಮವನ್ನು ಕಾಯಿಸಿದರೆ ಮೇಣದಬತ್ತಿಯನ್ನು ಧಗಧಗನೆ ಉರಿಸುವ ಒಂದು ಅನಿಲ ಬರುತ್ತದೆಂದು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1774ರ ಆಗಸ್ಟಿನಲ್ಲಿ ಕಂಡಿದ್ದ. ಸ್ವೀಡನ್ನಿನ ಷೀಲೆ ಅವನಿಗಿಂತಲೂ ಮೊದಲೇ ಅದನ್ನು ತಯಾರಿಸಿದ್ದ. ಆ ವರ್ಷದ ಅಕ್ಟೋಬರಿನಲ್ಲಿ ಪ್ಯಾರಿಸ್ಸಿಗೆ ಬಂದ ಪ್ರೀಸ್ಟ್ಲಿ ಊಟದ ಹೊತ್ತಿನಲ್ಲಿ ಈ ಸಂಗತಿಯನ್ನು ಲವಾಸಿಯೆಗೆ ಹೇಳಿದ. ಹೇಳಿದವನು ತಾನು ಕಂಡದ್ದನ್ನು ಸಾಯುವವರೆಗೂ ಫ್ಲೋಜಿಸ್ಟನ್ನಿನ ಭಾಷೆಯಲ್ಲೇ ವಿವರಿಸುತ್ತಿದ್ದ. ಕೇಳಿದವನು ಬೇರೆಯದನ್ನೇ ಮಾಡಿದ.

ಆ ಪ್ರಯೋಗವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಉದ್ದ ಕೊರಳಿನ ಗಾಜಿನ ಪಾತ್ರೆಯೊಂದರಲ್ಲಿ ಲವಾಸಿಯೆ 4 ಔನ್ಸು ಶುದ್ಧ ಪಾದರಸ ಹಾಕಿದ. ಕೊರಳನ್ನು ಬಗ್ಗಿಸಿ, ಪಾದರಸದ ತೊಟ್ಟಿಯ ಮೇಲೆ ಬೋರಲು ಹಾಕಿದ ಗಾಜಿನ ಜಾಡಿಯೊಳಕ್ಕೆ ಅದರ ತುದಿಯನ್ನು ತೂರಿಸಿದ. ಒಳಗೆ ಸಿಕ್ಕಿಕೊಂಡ ಗಾಳಿ 50 ಘನ ಅಂಗುಲ. ಕೆಳಗೆ ಒಲೆ ಹೊತ್ತಿಸಿದ. ಮೊದಲ ದಿನ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಎರಡನೆಯ ದಿನ ಪಾದರಸದ ಮೇಲೆ ಸಣ್ಣ ಕೆಂಪು ಚುಕ್ಕೆಗಳು ತೇಲತೊಡಗಿದವು. ನಾಲ್ಕೈದು ದಿನ ಅವು ಬೆಳೆದವು, ಆಮೇಲೆ ನಿಂತವು. 12 ದಿನ ಕಳೆದ ಮೇಲೆ ಬೆಂಕಿ ಆರಿಸಿ ಅಳೆದಾಗ ಗಾಳಿ 42 ಅಥವಾ 43 ಘನ ಅಂಗುಲಕ್ಕೆ ಇಳಿದಿತ್ತು. ಉಳಿದ ಆ ಗಾಳಿಯಲ್ಲಿ ಮೇಣದಬತ್ತಿ ಆರಿತು, ಪ್ರಾಣಿ ಉಸಿರು ಕಟ್ಟಿ ಸತ್ತಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಅರ್ಧ ಕೆಲಸವಾಗುತ್ತಿತ್ತು. ಅವನು ಆ ಕೆಂಪು ಚೂರುಗಳನ್ನೆಲ್ಲ ಆಯ್ದು ತೂಗಿದ: 45 ಗ್ರೇನು. ಅವನ್ನು ಚಿಕ್ಕ ಪಾತ್ರೆಯಲ್ಲಿ ಇನ್ನೂ ಜೋರಾಗಿ ಕಾಯಿಸಿದ. 41½ ಗ್ರೇನು ಪಾದರಸ ಮರಳಿ ಬಂತು, ಜೊತೆಗೆ 7ರಿಂದ 8 ಘನ ಅಂಗುಲ ಅನಿಲ. ಹಿಂದೆ ಕಳೆದುಹೋಗಿದ್ದ ಗಾಳಿಯೂ ಅಷ್ಟೇ ಅಲ್ಲವೆ! ಈ ಅನಿಲವನ್ನು ಉಸಿರುಕಟ್ಟಿಸುವ ಆ ಉಳಿಕೆ ಗಾಳಿಗೆ ಬೆರೆಸಿದಾಗ ನಾವು ದಿನವೂ ಸೇವಿಸುವ ಗಾಳಿಯಂಥದೇ ಗಾಳಿ ದೊರೆಯಿತು. ಹೀಗೆ ಒಂದೇ ಏಟಿಗೆ ಗಾಳಿ ಎಂಬ ಭೂತ ಎರಡಾಗಿ ಒಡೆಯಿತು, ಫ್ಲೋಜಿಸ್ಟನ್ ಬೇಡವಾಯಿತು, ಬೆರ್ಜರಾಕಿನ ವ್ಯಾಪಾರಿಯ 7 ಔನ್ಸಿಗೂ ಲೆಕ್ಕ ಸಿಕ್ಕಿತು. ಆ ಅನಿಲಕ್ಕೆ ಲವಾಸಿಯೆ ಇಟ್ಟ ಹೆಸರು ಆಕ್ಸಿಜನ್, ನಮ್ಮ ಪಠ್ಯಪುಸ್ತಕಗಳ ಆಮ್ಲಜನಕ.

1789ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು 33 ಸರಳ ವಸ್ತುಗಳ ಪಟ್ಟಿ ಕೊಟ್ಟ. ಯಾವುದನ್ನು ಇನ್ನು ಒಡೆಯಲಾಗದೋ ಅದನ್ನು ಸದ್ಯಕ್ಕೆ ಮೂಲವಸ್ತು ಎನ್ನೋಣ, ನಾಳೆ ಒಡೆದರೆ ಪಟ್ಟಿಯಿಂದ ತೆಗೆಯೋಣ ಎಂಬುದು ಅವನ ನಿಲುವು. ಬೆಳಕು, ಶಾಖ ಎರಡೂ ಆ ಪಟ್ಟಿಯಲ್ಲಿದ್ದವು, ಸುಣ್ಣವೂ ಇತ್ತು. ಅವು ಮುಂದೆ ಬಿದ್ದುಹೋದವು, ನಿಲುವು ಮಾತ್ರ ಉಳಿಯಿತು. ಗ್ರಂಥದಲ್ಲಿನ ಉಪಕರಣಗಳ ಚಿತ್ರಗಳನ್ನು ಬರೆದವಳು ಪತ್ನಿ ಮರಿ ಆನ್. ಪ್ರಯೋಗಶಾಲೆಯ ಟಿಪ್ಪಣಿಗಳಲ್ಲೂ ಅವಳ ಕೈಬರಹವಿದೆ. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ತೆರಿಗೆ ಕಂಪನಿಯ ಪಾಲುದಾರರನ್ನು ಹಿಡಿದು 1794ರ ಮೇ 8ರಂದು ಗಿಲೊಟಿನ್ನಿಗೆ ಕೊಟ್ಟಾಗ ಲವಾಸಿಯೆಗೆ 50 ವರ್ಷ. ಅದೇ ದಿನ ಅದೇ ಯಂತ್ರಕ್ಕೆ ಮರಿ ಆನ್‌ಳ ತಂದೆಯೂ ಬಲಿಯಾದ.

ಮೂಲವಸ್ತುಗಳ ಪಟ್ಟಿ ಸಿಕ್ಕಿತು, ಪರಮಾಣು ಇನ್ನೂ ತತ್ವಶಾಸ್ತ್ರದಲ್ಲೇ ಇತ್ತು. ಅದನ್ನು ಅಲ್ಲಿಂದ ಎಬ್ಬಿಸಿ ತಂದವನು ಮ್ಯಾಂಚೆಸ್ಟರಿನ ಶಾಲಾ ಮಾಸ್ತರ ಜಾನ್ ಡಾಲ್ಟನ್. ಹಳ್ಳಿಯ ನೇಕಾರನ ಮಗ, ಬಣ್ಣಗುರುಡು ಇದ್ದವನು. 1787ರಲ್ಲಿ ಆರಂಭಿಸಿದ ಹವಾಮಾನದ ದಿನಚರಿಯನ್ನು 1844ರಲ್ಲಿ ಸಾಯುವ ತನಕ ಬಿಡದೆ ಬರೆದ. ಮಳೆ, ತೇವ, ಗಾಳಿಗಳ ಬಗ್ಗೆ ಯೋಚಿಸುತ್ತಲೇ ಅವನು ಅನಿಲದ ಕಣಗಳ ಬಳಿಗೆ ಬಂದ. ಒಂದೊಂದು ಮೂಲವಸ್ತುವಿಗೂ ಅದರದೇ ಬಗೆಯ ಪರಮಾಣು, ಅದಕ್ಕೆ ಅದರದೇ ತೂಕ ಎಂಬುದು ಅವನ ಹೊಸ ಮಾತು. ಒಂದು ಪರಮಾಣುವನ್ನು ಯಾವ ತಕ್ಕಡಿಯೂ ತೂಗಲಾರದು ನಿಜ. ಆದರೆ ಜಲಜನಕದ್ದು 1 ಎಂದಿಟ್ಟುಕೊಂಡರೆ ಉಳಿದವುಗಳ ತೂಕ ಅದರ ಎಷ್ಟು ಪಟ್ಟು ಎಂದು ಲೆಕ್ಕ ಹಾಕಬಹುದಲ್ಲ? ಅಂಥ ಮೊದಲ ಪಟ್ಟಿಯನ್ನು ಅವನು 1803ರ ಸೆಪ್ಟೆಂಬರಿನಲ್ಲಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ.

ಲೆಕ್ಕದಲ್ಲಿ ಒಂದು ಊಹೆ ನುಸುಳಿತ್ತು. ನೀರಿನಲ್ಲಿ ಒಂದು ಜಲಜನಕಕ್ಕೆ ಒಂದು ಆಮ್ಲಜನಕ ಎಂದು ಡಾಲ್ಟನ್ ಹಿಡಿದಿದ್ದ. ಎರಡಕ್ಕೆ ಒಂದು ಎಂಬ ಸತ್ಯ ಅನಿಲಗಳ ಗಾತ್ರದ ಮೇಲೆ ಗೇ-ಲುಸಾಕ್ ಮಾಡಿದ ಪ್ರಯೋಗಗಳಲ್ಲಿ ಅಡಗಿತ್ತು. ಇಟಲಿಯ ಅವೊಗಾಡ್ರೊ 1811ರಲ್ಲೇ ಅದನ್ನು ಬಿಡಿಸಿ ಹೇಳಿದ, ಯಾರೂ ಒಪ್ಪಲಿಲ್ಲ. ಪರಿಣಾಮವಾಗಿ ಐವತ್ತು ವರ್ಷ ಒಬ್ಬೊಬ್ಬ ರಸಾಯನಶಾಸ್ತ್ರಜ್ಞನದು ಒಂದೊಂದು ತೂಕದ ಪಟ್ಟಿ. 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಈ ಗೊಂದಲ ಬಗೆಹರಿಸಲೆಂದೇ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅವೊಗಾಡ್ರೊ ಆ ಹೊತ್ತಿಗೆ ತೀರಿಕೊಂಡಿದ್ದ. ಅವನ ಪರವಾಗಿ ಮಾತಾಡಿದವನು ಅವನ ದೇಶದವನೇ ಆದ ಕನಿಜಾರೊ. ಸಮ್ಮೇಳನ ಮುಗಿದು ಎಲ್ಲರೂ ಹೊರಡುವಾಗ ಕನಿಜಾರೊನ ಸಣ್ಣ ಹೊತ್ತಗೆಯೊಂದನ್ನು ಅವನ ಗೆಳೆಯ ಹಂಚಿದ. ಸಭೆಯ ಚರ್ಚೆಯಿಂದ ಆಗದ ಕೆಲಸ ಆ ಹೊತ್ತಗೆಯಿಂದ ಆಯಿತು. ಸಭಿಕರಲ್ಲಿ ಸೈಬೀರಿಯದ ತೊಬೊಲ್ಸ್ಕ್ ಊರಿನ 26 ವರ್ಷದ ದಿಮಿತ್ರಿ ಮೆಂಡಲೀವ್ ಇದ್ದ.

ಮೆಂಡಲೀವ್ 1869ರಲ್ಲಿ ತನ್ನ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಬರೆಯುತ್ತಿದ್ದಾಗ ಆಗ ತಿಳಿದಿದ್ದ 63 ಮೂಲವಸ್ತುಗಳನ್ನು ಯಾವ ಕ್ರಮದಲ್ಲಿ ಹೇಳಬೇಕೆಂಬ ಪ್ರಶ್ನೆ ಎದ್ದಿತು. ತೂಕದ ಕ್ರಮದಲ್ಲಿ ಇಟ್ಟರೆ ಒಂದು ಅಂತರದ ನಂತರ ಗುಣಗಳು ಮರುಕಳಿಸುತ್ತಿದ್ದವು. ಇದನ್ನು ಇತರರೂ ಕಂಡಿದ್ದರು, ಜರ್ಮನಿಯ ಲೋಥರ್ ಮೇಯರ್ ಬಹಳ ಹತ್ತಿರ ಬಂದಿದ್ದ. ಮೆಂಡಲೀವನ ಹಿರಿಮೆ ಇರುವುದು ಅವನು ಖಾಲಿ ಬಿಟ್ಟ ಮನೆಗಳಲ್ಲಿ. ಇಲ್ಲಿ ಇನ್ನೂ ಯಾರೂ ಕಾಣದ ವಸ್ತುವೊಂದು ಇರಬೇಕು, ಅದರ ತೂಕ ಇಷ್ಟು, ಸಾಂದ್ರತೆ ಇಷ್ಟು ಎಂದು ಅವನು ಬರೆದುಕೊಟ್ಟ. ಈ ಕಾಣದ ವಸ್ತುಗಳಿಗೆ ಸಂಸ್ಕೃತದ ‘ಏಕ’ ಸೇರಿಸಿ ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್ ಎಂದು ತಾತ್ಕಾಲಿಕ ಹೆಸರಿಟ್ಟ.

1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೊದ್ರಾನ್ ಪಿರನೀಸ್ ಬೆಟ್ಟಗಳ ಸತುವಿನ ಅದಿರಿನಲ್ಲಿ ಹೊಸ ಮೂಲವಸ್ತುವೊಂದನ್ನು ಕಂಡು ಗ್ಯಾಲಿಯಂ ಎಂದು ಹೆಸರಿಟ್ಟ. ಅವನು ಅಳೆದ ಸಾಂದ್ರತೆ 4.7. ಇದು ತನ್ನ ಏಕ-ಅಲ್ಯೂಮಿನಿಯಂ ಎಂದು ಮೆಂಡಲೀವ್ ಗುರುತಿಸಿ, ಸಾಂದ್ರತೆ 5.9ರ ಆಸುಪಾಸಿನಲ್ಲಿ ಇರಬೇಕು, ಲೋಹವನ್ನು ಇನ್ನಷ್ಟು ಶುದ್ಧಗೊಳಿಸಿ ನೋಡಬೇಕು ಎಂದು ತಿಳಿಸಿದ. ಆ ಲೋಹವನ್ನು ಕಣ್ಣಿಂದಲೂ ಕಾಣದವನು, ಅದನ್ನು ಕೈಯಲ್ಲಿ ಹಿಡಿದವನ ಅಳತೆ ತಪ್ಪೆನ್ನುತ್ತಿದ್ದ! ಲೆಕಾಕ್ ಮತ್ತೆ ಶುದ್ಧಿ ಮಾಡಿ ಅಳೆದ. 5.9 ಬಂತು. ಆಮೇಲೆ ಏಕ-ಬೋರಾನ್ 1879ರಲ್ಲಿ ಸ್ಕ್ಯಾಂಡಿಯಂ ಆಗಿ, ಏಕ-ಸಿಲಿಕಾನ್ 1886ರಲ್ಲಿ ಜರ್ಮೇನಿಯಂ ಆಗಿ ಸಿಕ್ಕಿದವು. ಜರ್ಮೇನಿಯಂನ ತೂಕ 72 ಎಂದು ಮೆಂಡಲೀವ್ ಹೇಳಿದ್ದ, ಅದನ್ನು ಕಂಡುಹಿಡಿದ ವಿಂಕ್ಲರ್ ಅಳೆದದ್ದು 72.3. ವಿಜ್ಞಾನದ ಇತಿಹಾಸದಲ್ಲಿ ಭವಿಷ್ಯ ನುಡಿದು ಇಷ್ಟು ಚೊಕ್ಕವಾಗಿ ಗೆದ್ದ ಸಂದರ್ಭಗಳು ವಿರಳ.

ಆದರೆ ಕೋಷ್ಟಕದ ಒಂದು ಮೂಲೆಯಲ್ಲಿ ಮುಳ್ಳೊಂದು ಇತ್ತು. ಟೆಲ್ಯೂರಿಯಂ ಅಯೋಡಿನ್ನಿಗಿಂತ ಭಾರ. ತೂಕದ ಕ್ರಮದಂತೆ ಅಯೋಡಿನ್ ಮೊದಲು ಬರಬೇಕು. ಹಾಗಿಟ್ಟರೆ ಅದು ಕ್ಲೋರಿನ್, ಬ್ರೋಮಿನ್ ಎಂಬ ತನ್ನ ಬಂಧುಗಳ ಸಾಲು ಬಿಟ್ಟು ಗಂಧಕದ ಸಾಲಿಗೆ ಹೋಗುತ್ತದೆ. ಮೆಂಡಲೀವ್ ಗುಣಕ್ಕೆ ಮನ್ನಣೆ ಕೊಟ್ಟು ಟೆಲ್ಯೂರಿಯಂ ಅನ್ನೇ ಮೊದಲು ಇಟ್ಟ, ಅದರ ತೂಕವನ್ನು ಅಳೆದವರು ತಪ್ಪಿದ್ದಾರೆ ಎಂದ. ಎಷ್ಟು ಸಲ ಅಳೆದರೂ ಟೆಲ್ಯೂರಿಯಂ ಭಾರವಾಗಿಯೇ ಉಳಿಯಿತು. ಈಗಿನ ಅಂಕಿಗಳಲ್ಲಿ ಅದು 127.6, ಅಯೋಡಿನ್ 126.9. ಮೆಂಡಲೀವ್ ಇಟ್ಟ ಜಾಗ ಸರಿ, ಕೊಟ್ಟ ಕಾರಣ ತಪ್ಪು. ಸರಿಯಾದ ಕಾರಣ ಅವನು 1907ರಲ್ಲಿ ತೀರಿಕೊಂಡ ಮೇಲೆ ಬಂತು.

ಈ ನಡುವೆ ಮೂಲವಸ್ತುಗಳನ್ನು ಹುಡುಕಲು ತಕ್ಕಡಿಯ ಜೊತೆಗೆ ಬೆಳಕೂ ಸಿಕ್ಕಿತ್ತು. ಪ್ರತಿಯೊಂದು ಮೂಲವಸ್ತುವೂ ಕಾದಾಗ ತನ್ನದೇ ಬಣ್ಣದ ಗೆರೆಗಳನ್ನು ಬೀರುತ್ತದೆಂದು ಹೈಡೆಲ್‌ಬರ್ಗಿನ ಬುನ್ಸೆನ್ ಮತ್ತು ಕಿರ್ಕಾಫ್ 1859ರ ಹೊತ್ತಿಗೆ ತೋರಿಸಿದ್ದರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ದಕ್ಷಿಣ ಭಾರತಕ್ಕೆ ಅಡ್ಡಲಾಗಿ ಹಾದಾಗ ರೋಹಿತದರ್ಶಕಗಳನ್ನು ಹೊತ್ತ ವಿಜ್ಞಾನಿಗಳು ನಮ್ಮ ಜಮಖಂಡಿಯಿಂದ ಆಂಧ್ರದ ಗುಂಟೂರಿನ ತನಕ ಬೀಡುಬಿಟ್ಟಿದ್ದರು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್‌ಗೆ ಮೋಡಗಳ ಕಾಟ. ಮೋಡ ಸರಿದ ಕೆಲವೇ ಕ್ಷಣಗಳಲ್ಲಿ ಸೂರ್ಯನ ಅಂಚಿನ ಜ್ವಾಲೆಯಲ್ಲಿ ಅವನು ಹೊಳೆಯುವ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡ. ಗುಂಟೂರಿನಲ್ಲಿ ಜಾನ್ಸೆನ್ ಎಂಬ ಫ್ರೆಂಚ್ ಖಗೋಳಜ್ಞನೂ ಜ್ವಾಲೆಗಳ ಗೆರೆಗಳನ್ನು ನೋಡಿದ. ಕಿತ್ತಳೆಯ ಗೆರೆಯನ್ನು ಹಲವರು ಸೋಡಿಯಂನದೆಂದು ಭಾವಿಸಿದರು. ಅದು ಸೋಡಿಯಂನದಲ್ಲವೆಂದು ಲಂಡನ್ನಿನ ಲಾಕಿಯರ್ ಅದೇ ವರ್ಷ ತೋರಿಸಿದ. ಆ ಗೆರೆಯನ್ನು ಬೀರುವ, ಸೂರ್ಯನಲ್ಲಿ ಮಾತ್ರ ಕಂಡ ಹೀಲಿಯಂ ಎಂಬ ಮೂಲವಸ್ತು ಭೂಮಿಯ ಖನಿಜವೊಂದರಲ್ಲಿ ವಿಲಿಯಂ ರಾಮ್ಸೆಗೆ ಸಿಕ್ಕಿದ್ದು 1895ರಲ್ಲಿ.

ತಕ್ಕಡಿ ಆಗಲೂ ನಿವೃತ್ತಿಯಾಗಿರಲಿಲ್ಲ. ಗಾಳಿಯಿಂದ ತೆಗೆದ ಸಾರಜನಕ ಲೀಟರಿಗೆ ಸುಮಾರು 1.257 ಗ್ರಾಂ, ಅಮೋನಿಯದಂಥ ರಾಸಾಯನಿಕಗಳಿಂದ ತೆಗೆದದ್ದು ಸುಮಾರು 1.250 ಗ್ರಾಂ. ಈ ಅರ್ಧ ಪ್ರತಿಶತದ ವ್ಯತ್ಯಾಸವನ್ನು ಕೈತಪ್ಪು ಎಂದು ಲಾರ್ಡ್ ರೇಲಿ ಬಿಟ್ಟುಬಿಡಲಿಲ್ಲ. ರಾಮ್ಸೆಯ ಜೊತೆಗೂಡಿ ಬೆನ್ನು ಹತ್ತಿದ. 1894ರಲ್ಲಿ ಆರ್ಗಾನ್ ಹೊರಬಿತ್ತು. ಮನುಷ್ಯರೆಲ್ಲ ಉಸಿರಾಡುತ್ತ ಬಂದ ಗಾಳಿಯ ನೂರರಲ್ಲಿ ಒಂದು ಪಾಲು ಅದು.

ಇಷ್ಟೆಲ್ಲ ಆದರೂ ಪರಮಾಣು ನಿಜವಾಗಿ ಇದೆಯೇ, ಇಲ್ಲ ಲೆಕ್ಕಕ್ಕೆ ಅನುಕೂಲವಾದ ಕಲ್ಪನೆಯೇ ಎಂಬ ಸಂಶಯ ಹೋಗಿರಲಿಲ್ಲ. ಮಾಖ್, ಓಸ್ಟ್‌ವಾಲ್ಡ್ ಅವರಂಥ ದೊಡ್ಡ ವಿಜ್ಞಾನಿಗಳೇ ಅದನ್ನು ಒಪ್ಪಿರಲಿಲ್ಲ. ನೀರಿನಲ್ಲಿ ತೇಲುವ ಅತಿ ಸಣ್ಣ ಕಣಗಳ ನಿಲ್ಲದ ನಡುಕವನ್ನು ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1827ರಲ್ಲಿ ಕಂಡಿದ್ದ. ನೀರಿನ ಅಣುಗಳ ಹೊಡೆತದಿಂದ ಅದು ನಡುಗುವುದಾದರೆ ಇಷ್ಟು ಹೊತ್ತಿನಲ್ಲಿ ಇಷ್ಟು ದೂರ ಸರಿಯಬೇಕೆಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಕೊಟ್ಟ. ಪ್ಯಾರಿಸ್ಸಿನ ಝಾನ್ ಪೆರಿನ್ ಸೂಕ್ಷ್ಮದರ್ಶಕದ ಕೆಳಗೆ ಮರದ ಅಂಟಿನ ಕಣಗಳ ಜಾಡು ಹಿಡಿದು ಕೂತು ಲೆಕ್ಕ ಸರಿಯೆಂದು ತೋರಿಸಿದ. 1909ರಲ್ಲಿ ಓಸ್ಟ್‌ವಾಲ್ಡ್ ಬಹಿರಂಗವಾಗಿ ಸೋಲೊಪ್ಪಿಕೊಂಡ.

ಒಡೆಯಲಾಗದ ಪರಮಾಣು ಇದೆಯೆಂದು ಎಲ್ಲರೂ ಒಪ್ಪುವ ಹೊತ್ತಿಗೆ ಅದು ಒಡೆಯುತ್ತದೆಂಬುದೂ ತಿಳಿದುಹೋಗಿತ್ತು. 1896ರಲ್ಲಿ ಬೆಕೆರಲ್ ಯುರೇನಿಯಂನ ವಿಕಿರಣ ಕಂಡ. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ. 1898ರಲ್ಲಿ ಮೇರಿ ಮತ್ತು ಪಿಯೇರ್ ಕ್ಯೂರಿ ಪೊಲೋನಿಯಂ, ರೇಡಿಯಂಗಳನ್ನು ಸಾರಿದರು. ಮೇರಿ ಅದಿರಿನ ಗಸಿಯನ್ನು ಟನ್‌ಗಟ್ಟಲೆ ಕುದಿಸಿ ಸೋಸಿ 1902ರಲ್ಲಿ ಗ್ರಾಂನ ಹತ್ತನೆಯ ಒಂದು ಭಾಗದಷ್ಟು ರೇಡಿಯಂ ಕ್ಲೋರೈಡನ್ನು ಕೈಗೆ ತಂದುಕೊಂಡಳು. ಅದೇ ಕಾಲಕ್ಕೆ ಮಾಂಟ್ರಿಯಲ್ಲಿನಲ್ಲಿ ರುದರ್‌ಫರ್ಡ್ ಮತ್ತು ಸಾಡಿ, ವಿಕಿರಣ ಬೀರುವಾಗ ಒಂದು ಮೂಲವಸ್ತು ತಾನಾಗಿಯೇ ಇನ್ನೊಂದಾಗಿ ಮಾರ್ಪಡುತ್ತದೆಂದು ಕಂಡುಕೊಂಡರು. ರಸವಾದಿಗಳು ಶತಮಾನಗಳ ಕಾಲ ಬೆವರು ಸುರಿಸಿ ಬಯಸಿದ ಪರಿವರ್ತನೆ ಕಲ್ಲಿನೊಳಗೆ ತನ್ನಷ್ಟಕ್ಕೆ ನಡೆಯುತ್ತಲೇ ಇತ್ತು.

1909ರಲ್ಲಿ ಮ್ಯಾಂಚೆಸ್ಟರಿನ ಕತ್ತಲ ಕೋಣೆಯಲ್ಲಿ ರುದರ್‌ಫರ್ಡನ ಸಹಾಯಕ ಗೈಗರ್ ಮತ್ತು 20 ವರ್ಷದ ವಿದ್ಯಾರ್ಥಿ ಮಾರ್ಸ್‌ಡೆನ್ ತೆಳ್ಳನೆಯ ಲೋಹದ ಹಾಳೆಗಳಿಗೆ ವಿಕಿರಣದಿಂದ ಬರುವ ಆಲ್ಫಾ ಕಣಗಳನ್ನು ಹಾಯಿಸುತ್ತಿದ್ದರು. ಕಣ ಪರದೆಗೆ ತಾಗಿದಾಗ ಕ್ಷಣಕಾಲ ಮಿಣುಕುವ ಬೆಳಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಒಂದೊಂದಾಗಿ ಎಣಿಸಬೇಕು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆಯೇ ಎಣಿಕೆ ಆರಂಭ, ದಣಿದ ಕಣ್ಣಿಗೆ ಬಿಡುವು ಬೇಕು. ಹೆಚ್ಚಿನ ಕಣಗಳು ಹಾಳೆಯನ್ನು ನೇರವಾಗಿ ದಾಟಿದವು. ಸುಮಾರು 8000ಕ್ಕೆ ಒಂದು ಮಾತ್ರ ಬಂದ ದಾರಿಯತ್ತಲೇ ತಿರುಗಿತು. ಆ ಒಂದಕ್ಕೆ ಅರ್ಥ ಹುಡುಕಿ ರುದರ್‌ಫರ್ಡ್ 1911ರಲ್ಲಿ ಪರಮಾಣುವಿನ ನಟ್ಟನಡುವೆ ಅತ್ಯಂತ ಚಿಕ್ಕದಾದ, ಹೆಚ್ಚುಕಡಿಮೆ ಎಲ್ಲ ತೂಕವನ್ನೂ ಹೊತ್ತ ನ್ಯೂಕ್ಲಿಯಸ್ ಇದೆಯೆಂದ. ಎರಡು ವರ್ಷಕ್ಕೆ ನೀಲ್ಸ್ ಬೋರ್ ಅದರ ಸುತ್ತ ಎಲೆಕ್ಟ್ರಾನುಗಳಿಗೆ ನಿಗದಿತ ಕಕ್ಷೆಗಳನ್ನು ಹಾಕಿಕೊಟ್ಟ.

ಅದೇ ಪ್ರಯೋಗಶಾಲೆಯಲ್ಲಿ ಹೆನ್ರಿ ಮೋಸ್ಲಿ ಇದ್ದ. ಈ ಕಥೆಯಲ್ಲಿ ಬರುವ ಎಲ್ಲರಲ್ಲೂ ಹೆಚ್ಚು ಪ್ರೀತಿಗೆ ಅರ್ಹನಾದವನು ಅವನೇ. ನ್ಯೂಕ್ಲಿಯಸ್ಸಿನ ವಿದ್ಯುದಂಶವೇ ಕೋಷ್ಟಕದಲ್ಲಿ ಮೂಲವಸ್ತುವಿನ ಕ್ರಮಾಂಕ ಇರಬಹುದೆಂದು ಡಚ್ ವಕೀಲ ವಾನ್ ಡೆನ್ ಬ್ರೂಕ್ ಊಹಿಸಿದ್ದ. ಮೋಸ್ಲಿ ಅದನ್ನು ಪರೀಕ್ಷೆಗೆ ಒಡ್ಡಿದ. ಗಾಳಿ ತೆಗೆದ ಗಾಜಿನ ಕೊಳವೆಯೊಳಗೆ ಪುಟ್ಟ ಹಳಿಗಳು, ಹಳಿಯ ಮೇಲೆ ಒಂದು ಪುಟ್ಟ ಗಾಡಿ, ಗಾಡಿಯ ಮೇಲೆ ಸಾಲಾಗಿ ಲೋಹದ ತುಣುಕುಗಳು. ಮೀನು ಹಿಡಿಯುವ ರೇಷ್ಮೆ ದಾರದಿಂದ ಗಾಡಿಯನ್ನು ಎಳೆದು ಒಂದಾದ ಮೇಲೊಂದು ಲೋಹವನ್ನು ಎಲೆಕ್ಟ್ರಾನುಗಳ ಎದುರಿಗೆ ತಂದು ನಿಲ್ಲಿಸುತ್ತಿದ್ದ. ಪ್ರತಿಯೊಂದೂ ಹೊರಡಿಸುವ ಎಕ್ಸ್‌ರೇ ಗೆರೆಗಳನ್ನು ಫೋಟೋ ಫಲಕದಲ್ಲಿ ಹಿಡಿದ. ಆ ಎಕ್ಸ್‌ರೇಗಳ ಆವರ್ತಾಂಕದ ವರ್ಗಮೂಲ ತೆಗೆದಾಗ ಅದು ಒಂದು ಲೋಹದಿಂದ ಮುಂದಿನದಕ್ಕೆ ಒಂದೇ ಅಳತೆಯ ಮೆಟ್ಟಿಲು ಹತ್ತುತ್ತಿತ್ತು. ಕ್ಯಾಲ್ಸಿಯಂ 20, ಟೈಟಾನಿಯಂ 22, ಕಬ್ಬಿಣ 26. ಕೋಬಾಲ್ಟ್ ನಿಕಲ್ಲಿಗಿಂತ ತುಸು ಭಾರವಾದರೂ ಅದರ ಕ್ರಮಾಂಕ 27, ನಿಕಲ್ಲಿನದು 28. ತೂಕ ಏನೇ ಹೇಳಲಿ, ಎಕ್ಸ್‌ರೇ ಹೇಳಿದ ಕ್ರಮ ರಸಾಯನಶಾಸ್ತ್ರದ ಕ್ರಮಕ್ಕೆ ಸರಿಯಾಗಿ ಹೊಂದಿತು.

ಮೂಲವಸ್ತುವಿನ ಗುರುತು ಅದರ ತೂಕದಲ್ಲಿಲ್ಲ, ಎಣಿಕೆಯಲ್ಲಿದೆ. ಲವಾಸಿಯೆಯಿಂದ ಮೆಂಡಲೀವನವರೆಗೆ ತಕ್ಕಡಿ ಮನುಷ್ಯನನ್ನು ಪರಮಾಣುವಿನ ಹೊಸ್ತಿಲ ತನಕ ಕರೆತಂದಿತ್ತು. ಮುಂದಿನ ಹೆಜ್ಜೆ ಎಣಿಕೆಯದಾಯಿತು. ಈಗ ಕೋಷ್ಟಕದಲ್ಲಿ ಎಷ್ಟು ಮನೆ ಖಾಲಿಯಿವೆ ಎಂದೂ ಖಚಿತವಾಗಿ ಹೇಳಬಹುದಿತ್ತು. 43, 61, 75 ಖಾಲಿ ಎಂದು ಮೋಸ್ಲಿ ಬರೆದ. ಫ್ರಾನ್ಸಿನ ಉರ್ಬೆನ್ ವರ್ಷಗಟ್ಟಲೆ ಬೇರ್ಪಡಿಸಿದ ಅಪರೂಪದ ಖನಿಜಗಳನ್ನು 1914ರಲ್ಲಿ ಆಕ್ಸ್‌ಫರ್ಡಿಗೆ ಹೊತ್ತು ತಂದಾಗ ಅವುಗಳಲ್ಲಿ ಏನೇನಿದೆ, ಏನಿಲ್ಲ ಎಂದು ಆ ಹೊತ್ತಿಗೆ ಅಲ್ಲಿದ್ದ ಮೋಸ್ಲಿ ಕೆಲವೇ ದಿನಗಳಲ್ಲಿ ಹೇಳಿ ಅವನನ್ನು ಬೆರಗಾಗಿಸಿದ. ಅದೇ ಬೇಸಿಗೆಯಲ್ಲಿ ಮಹಾಯುದ್ಧ ಶುರುವಾಯಿತು. ಮೋಸ್ಲಿ ತಾನಾಗಿಯೇ ಸೈನ್ಯ ಸೇರಿದ. 1915ರ ಆಗಸ್ಟ್ 10ರಂದು ಟರ್ಕಿಯ ಗಲಿಪೊಲಿಯಲ್ಲಿ ಗುಂಡೇಟಿಗೆ ಸತ್ತ. ವಯಸ್ಸು 27.

ಹಾಗಾದರೆ ತೂಕಕ್ಕೇನಾಯಿತು? ಹಾರ್ವರ್ಡಿನ ಥಿಯೋಡರ್ ರಿಚರ್ಡ್ಸ್ ಪರಮಾಣು ತೂಕಗಳನ್ನು ಅತಿ ನಿಖರವಾಗಿ ಅಳೆದದ್ದಕ್ಕಾಗಿಯೇ 1914ರ ನೊಬೆಲ್ ಬಹುಮಾನ ಪಡೆದವನು. ಅದೇ ವರ್ಷ ಅವನೇ ಯುರೇನಿಯಂ ಖನಿಜದಿಂದ ಬಂದ ಸೀಸವನ್ನು ಸಾಮಾನ್ಯ ಸೀಸದ ಜೊತೆ ಹೋಲಿಸಿ ತೂಗಿದ. ಸಾಮಾನ್ಯ ಸೀಸ 207.2, ಯುರೇನಿಯಂ ಮೂಲದ್ದು ಅದಕ್ಕಿಂತ ಹಗುರ. ಎರಡನ್ನೂ ಬೇರೆ ಮಾಡಬಲ್ಲ ರಾಸಾಯನಿಕ ಕ್ರಿಯೆ ಇಲ್ಲ, ಎರಡೂ ಸೀಸವೇ. ತೂಕದಲ್ಲಿ ಬೇರೆ, ಕೋಷ್ಟಕದಲ್ಲಿ ಒಂದೇ ಮನೆ ಎಂಬ ಇಂಥವನ್ನು ಸಾಡಿ ಐಸೊಟೋಪ್ ಎಂದು ಕರೆದ. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡಾಗ ಚಿತ್ರ ತಿಳಿಯಾಯಿತು. ಪ್ರೋಟಾನುಗಳ ಸಂಖ್ಯೆ ಮೂಲವಸ್ತು ಯಾವುದೆಂದು ನಿರ್ಧರಿಸುತ್ತದೆ, ನ್ಯೂಟ್ರಾನುಗಳು ತೂಕವನ್ನು ಹೆಚ್ಚುಕಡಿಮೆ ಮಾಡುತ್ತವೆ. ಟೆಲ್ಯೂರಿಯಂನಲ್ಲಿ 52 ಪ್ರೋಟಾನು, ಅಯೋಡಿನ್ನಿನಲ್ಲಿ 53. ಭೂಮಿಯ ಟೆಲ್ಯೂರಿಯಂನಲ್ಲಿ ಹೆಚ್ಚು ನ್ಯೂಟ್ರಾನುಗಳಿರುವ ಭಾರದ ಐಸೊಟೋಪುಗಳೇ ಜಾಸ್ತಿ. ಮೆಂಡಲೀವನನ್ನು ಕಾಡಿದ ಮುಳ್ಳು ಅಷ್ಟೇ.

ಮೋಸ್ಲಿ ತೋರಿಸಿದ 43ನೆಯ ಮನೆ ತುಂಬಿದ ಬಗೆ ಇನ್ನೂ ಸೊಗಸು. 1937ರಲ್ಲಿ ಇಟಲಿಯ ಎಮಿಲಿಯೊ ಸೆಗ್ರೆಗೆ ಅಮೆರಿಕದ ಬರ್ಕ್ಲಿಯಿಂದ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಸೈಕ್ಲೊಟ್ರಾನ್ ಯಂತ್ರದಲ್ಲಿ ಬಳಸಿ ಬಿಟ್ಟ ಮಾಲಿಬ್ಡಿನಂ ತಗಡು. ಮಾಲಿಬ್ಡಿನಂನದು 42. ಯಂತ್ರದ ಕಣಗಳ ಹೊಡೆತಕ್ಕೆ ಅದರಲ್ಲಿ ಕೆಲವು ಪರಮಾಣುಗಳು 43 ಆಗಿರಬಹುದೆಂದು ಸೆಗ್ರೆಯ ಲೆಕ್ಕ. ಪಾಲೆರ್ಮೊದಲ್ಲಿ ಪೆರಿಯೆ ಎಂಬ ಖನಿಜತಜ್ಞನೊಡನೆ ತಗಡನ್ನು ಕರಗಿಸಿ ಅದನ್ನು ಬೇರ್ಪಡಿಸಿದ. ಮನುಷ್ಯ ತಯಾರಿಸಿದ ಮೊದಲ ಮೂಲವಸ್ತು ಎಂಬುದಕ್ಕೆ ಅದರ ಹೆಸರು ಟೆಕ್ನೀಷಿಯಂ. ಇಂದು ಮೂಳೆ, ಹೃದಯ, ಥೈರಾಯ್ಡ್ ಸ್ಕ್ಯಾನಿಗೆ ಆಸ್ಪತ್ರೆಗಳಲ್ಲಿ ಚುಚ್ಚುವ ವಿಕಿರಣ ಔಷಧಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಇದೇ. ಮುಂದೆ ಒಂದೊಂದು ಪ್ರೋಟಾನ್ ಏರಿಸುತ್ತ ಹೋಗಿ ಈಗ ಕೋಷ್ಟಕ 118ಕ್ಕೆ ಮುಟ್ಟಿದೆ. ಕೊನೆಯದಾದ ಒಗನೆಸ್ಸಾನಿನ ಪರಮಾಣು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತೂ ಬಾಳುವುದಿಲ್ಲ.

ಎಣಿಸುವುದು ಪ್ರೋಟಾನುಗಳನ್ನಾದರೆ, ಪ್ರೋಟಾನಾದರೂ ಶಾಶ್ವತವೇ? ಶಾಶ್ವತವಲ್ಲ, ಊಹಿಸಲಾಗದಷ್ಟು ದೀರ್ಘ ಕಾಲದ ಮೇಲೆ ಅದೂ ಅಳಿಯುತ್ತದೆ ಎಂದು 1974ರಲ್ಲಿ ಸಿದ್ಧಾಂತವೊಂದು ಹೇಳಿತು. ಒಂದೇ ಪ್ರೋಟಾನನ್ನು ಕಾಯುತ್ತ ಕೂರಲಾಗದು, ಅಸಂಖ್ಯ ಪ್ರೋಟಾನುಗಳನ್ನು ಒಟ್ಟಿಗೆ ಕಾಯಬೇಕು. ಅದೂ ಆಕಾಶದ ಕಣಗಳ ಗದ್ದಲ ತಲುಪದ ನೆಲದಾಳದಲ್ಲಿ. ಅಂಥ ಜಾಗ ಕೋಲಾರದ ಚಿನ್ನದ ಗಣಿಯಲ್ಲಿತ್ತು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಿಂದಲೇ ಆ ಗಣಿಯಲ್ಲಿ ವಿಶ್ವಕಿರಣಗಳನ್ನು ಅಳೆಯುತ್ತಿದ್ದರು. 1965ರಲ್ಲಿ ಅಲ್ಲಿಯೇ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಸುಳಿವು ಸಿಕ್ಕಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ಒಸಾಕದ ವಿಜ್ಞಾನಿಗಳು ಸೇರಿ 1980ರಲ್ಲಿ ಸುಮಾರು 2300 ಮೀಟರ್ ಆಳದಲ್ಲಿ, ಕಬ್ಬಿಣದ ಕೊಳವೆಗಳನ್ನು ಪದರ ಪದರವಾಗಿ ಪೇರಿಸಿ 140 ಟನ್ನಿನ ಶೋಧಕವನ್ನು ನಿಲ್ಲಿಸಿದರು. ಪ್ರೋಟಾನಿನ ಅಳಿವನ್ನು ಹುಡುಕಲೆಂದೇ ಕಟ್ಟಿದ ಮೊದಲ ಪ್ರಯೋಗವೆಂಬ ಹೆಸರು ಅದಕ್ಕಿದೆ. ಅಳಿವಿನಂತೆ ತೋರಿದ ಕೆಲವು ಘಟನೆಗಳನ್ನು ಅದು ವರದಿ ಮಾಡಿತು. ಬೇರೆಡೆಯ ದೊಡ್ಡ ಶೋಧಕಗಳು ಅವನ್ನು ಎತ್ತಿಹಿಡಿಯಲಿಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಈಗ ಆ ಕಾವಲು ಜಪಾನಿನ ಕಮಿಯೋಕ ಗಣಿಯೊಳಗೆ 50,000 ಟನ್ ನೀರಿನ ತೊಟ್ಟಿಯಲ್ಲಿ ನಡೆದಿದೆ. 1996ರಿಂದ ನೋಡುತ್ತಿದ್ದರೂ ಅಳಿದ ಪ್ರೋಟಾನು ಒಂದೂ ಖಚಿತವಾಗಿ ಸಿಕ್ಕಿಲ್ಲ. ಅದಕ್ಕಿಂತ ಹಲವು ಪಟ್ಟು ದೊಡ್ಡದಾದ ಇನ್ನೊಂದು ತೊಟ್ಟಿಯನ್ನು ಅಲ್ಲಿನವರು ಹತ್ತಿರದ ಬೆಟ್ಟದಡಿಯಲ್ಲಿ ಕಟ್ಟುತ್ತಿದ್ದಾರೆ.